ಕೈಗಡದ ಗಂಟೆಗಳು

ಬೆನ್ನ ಹಿಂದೆ ನನ್ನನ್ನು ಕಾಲುಗಂಟೆಯಮ್ಮ ಎನ್ನುತ್ತಾರೆ. ಅನ್ನಲಿ, ನನಗೇನು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ವಾರದ ಸಂಬಳದ ಲೆಕ್ಕ ನನ್ನದು. ಶನಿವಾರ ಬೆಳಿಗ್ಗೆ ಎಲ್ಲರ ಕಾರ್ಡುಗಳೂ ನನ್ನ ಮೇಜಿಗೆ ಬರುತ್ತವೆ. ಬಂದ ಹೊತ್ತು, ಹೋದ ಹೊತ್ತು ನೋಡಿ, ಊಟದ ಅರ್ಧ ಗಂಟೆ ತೆಗೆದು, ಏಳು ದಿನದ ಗಂಟೆ ಕೂಡಿ ದರದಿಂದ ಗುಣಿಸಿದರೆ ಒಟ್ಟು ಸಂಬಳ. ಕಡಿತ ಗಿಡಿತ ಎಲ್ಲ ಆಮೇಲಿನ ಮಾತು. ಕಾಲು ಗಂಟೆ ತುಂಬದ ನಿಮಿಷಗಳನ್ನು ಬಿಟ್ಟುಬಿಡಬೇಕು ಅಂತ ನಿಯಮ ಮಾಡಿದವರು ಮಾಲೀಕರು, ಬೈಸಿಕೊಳ್ಳುವವಳು ನಾನು.

ಅಲ್ಲೇ ಒಳಗೆ ನನ್ನ ತಂಗಿ ದಿಂಬಿನ ಕವರು ಮಡಚುತ್ತಿದ್ದಳು. ಇದ್ದಕ್ಕಿದ್ದಂತೆ ರಕ್ತದ ಕಾಯಿಲೆ ಬಂದು ಹಾಸಿಗೆ ಹಿಡಿದಳು. ವಾರಕ್ಕೊಂದು ದುಬಾರಿ ಸೂಜಿ. ಅದರ ಖರ್ಚು ಲಾಂಡ್ರಿಯದೇ, ಆದರೆ ವಾರಕ್ಕೆ ಮೂವತ್ತೆರಡು ಗಂಟೆ ಕೆಲಸ ತುಂಬಿದವರಿಗೆ ಮಾತ್ರ. ಏಳಲಾಗದವಳಿಗೆ ಮೂವತ್ತೆರಡು ಗಂಟೆ! ಯಾವ ಪುಣ್ಯಾತ್ಮ ಮಾಡಿದ ನಿಯಮವೋ.

ಆದರೆ ನಮ್ಮಲ್ಲಿ ಕೈಗಡ ಎಂಬುದೊಂದಿದೆ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರು ತಮ್ಮ ಪಾಳಿ ಮುಗಿಸಿ ಅವರ ಹೆಸರಲ್ಲಿ ದುಡಿಯುತ್ತಾರೆ, ಅವರ ಕಾರ್ಡಿನಲ್ಲಿ ಗಂಟೆ ಬರೆದು ಪಕ್ಕದಲ್ಲಿ ತಮ್ಮ ಗುರುತು ಹಾಕುತ್ತಾರೆ. ಗುಣವಾದ ಮೇಲೆ ಅವರು ಅಷ್ಟೇ ಗಂಟೆ ದುಡಿದು ತೀರಿಸಬೇಕು. ಕಾಯಿಲೆಯಲ್ಲಿರುವವರು ತೀರಿಸುವಂತಿಲ್ಲ. ಕೆಲಸ ಬಿಟ್ಟು ಹೋಗುವವರು ಮಾತ್ರ ಹೋಗುವ ಮುಂಚೆ ತೀರಿಸಿ ಹೋಗುತ್ತಾರೆ. ಒಂದೆರಡು ಗಂಟೆಯಾದರೆ ಮಾಲೀಕರು ಕಂಡೂ ಕಾಣದಂತೆ ಇರುತ್ತಿದ್ದರು. ಇಡೀ ವಾರವೇ ಕೈಗಡ ಅಂತ ಗೊತ್ತಾದರೆ ತಂಗಿಯ ಹೆಸರನ್ನೇ ಕಿತ್ತುಹಾಕುತ್ತಿದ್ದರು. ಹಾಗಿದ್ದೂ ಏಳು ವಾರ ಅವಳ ಕಾರ್ಡು ತುಂಬಿತು. ನಾನು ಮಾತ್ರ ಒಂದು ನಿಮಿಷವನ್ನೂ ಕೊಡುವಂತಿರಲಿಲ್ಲ. ಲೆಕ್ಕ ಬರೆಯುವವಳು ಸ್ವಂತ ತಂಗಿಯ ಕಾರ್ಡು ಮುಟ್ಟಿದರೆ ಎಲ್ಲರ ಕುತ್ತಿಗೆಗೂ ಬರುತ್ತಿತ್ತು. ಎಷ್ಟು ಸಂಕಟ ಅಂತ ಯಾರಿಗೆ ಹೇಳಲಿ?

ಎಂಟನೇ ವಾರ ಅವಳ ಕಾರ್ಡು ಕೂಡಿದೆ. ಐವತ್ತಮೂರು. ಮತ್ತೊಮ್ಮೆ ಕೂಡಿದೆ, ಅಷ್ಟೇ ಬಂತು. ನಲವತ್ತೆಂಟು ದಾಟಿದರೆ ಓಟಿ. ಓಟಿಗೆ ಒಂದೂವರೆ ಪಟ್ಟು ದರ, ಆಳನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾಲೀಕರು ಸಹಿ ಹಾಕುವುದು.

ಕಾರ್ಡು ಹಿಡಿದು ಒಳಗೆ ನುಗ್ಗಿದೆ. "ಏನ್ರೀ ಇದು? ಎದ್ದು ಕೂರಕ್ಕಾಗದೋಳ ಹತ್ರ ಓಟಿ ಬೇರೆ ಮಾಡ್ಸಿದೀರಲ್ಲ! ತಲೆ ನೆಟ್ಟಗಿದೆಯಾ ನಿಮಗೆ?"

ಮೆಷಿನ್ನುಗಳ ಸದ್ದಿನಲ್ಲೂ ಯಾರೋ ಕಿಸಕ್ಕನೆ ನಕ್ಕರು. ಆದದ್ದಿಷ್ಟೆ: ಕೊಟ್ಟದ್ದನ್ನು ಹೇಳಿಕೊಳ್ಳುವುದು ನಮ್ಮವರಿಗೆ ನಾಚಿಕೆ. ಈ ವಾರ ಕಡಿಮೆ ಬಿದ್ದೀತು ಅಂತ ಪ್ರತಿಯೊಬ್ಬರೂ ಗುಟ್ಟಾಗಿ ಇನ್ನೊಂದಿಷ್ಟು ಸೇರಿಸಿದ್ದರು.

"ಐದು ಗಂಟೆ ತೆಗೀಬೇಕು. ಯಾರದ್ದು ತೆಗೀಲಿ, ಬೇಗ ಹೇಳಿ."

"ನಂದು ಮುಟ್ಟಿದ್ರೆ ನೋಡು ಮತ್ತೆ," ಎಂದರು ಇಸ್ತ್ರಿ ಮಾವ. ಬಿಸಿ ರೋಲರಿನ ಮುಂದೆ ನಿಂತು ನಿಂತೇ ಕೂದಲು ಹಣ್ಣಾದವರು. "ಈ ಮುದುಕ ದುಡಿದಿದ್ದು ಲೆಕ್ಕಕ್ಕಿಲ್ವಾ?"

"ಮಾವ, ನೀವು ಸುಮ್ನಿರಿ. ನನಗೆ ಮೊದಲೇ ತಲೆ ಕೆಟ್ಟಿದೆ."

ದೊಡ್ಡ ಮೆಷಿನ್ನುಗಳಿಗೆ ಸೋಪು ಸುರಿಯುವ ಸೋಪಮ್ಮ ಮಾತ್ರ ತಲೆ ಎತ್ತಲಿಲ್ಲ. ನನಗೆ ರಜೆ ಸಿಗದ್ದರಿಂದ ತಂಗಿಯನ್ನು ಪ್ರತಿ ಸೋಮವಾರ ಸೂಜಿಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ.

"ನಂದು ತೆಗಿ," ಎಂದಳು ಕೊನೆಗೆ. "ಸರಿಯಾಗಿ ಐದಿದೆ."

ಆ ಐದನ್ನು ವಾಪಸ್ ಬರೆಯಲು ಸೋಪಮ್ಮನ ಕಾರ್ಡು ತೆಗೆದೆ. ಮಂಗಳವಾರ ಅವಳಿಗೆ ರಜೆ. ಕಾರ್ಡಿನಲ್ಲಿ ಆ ದಿನದ ಮನೆ ಖಾಲಿ ಇರಬೇಕಿತ್ತು. ಅಲ್ಲಿ ಐದು ಗಂಟೆ ಇತ್ತು, ಪಕ್ಕದಲ್ಲಿ ಒಂದು ಸೊನ್ನೆ, ಅದರೊಳಗೆ ಚುಕ್ಕೆ. ಅದು ನನ್ನ ತಂಗಿಯ ಗುರುತು.

"ಏನಿದು, ಸೋಪಮ್ಮ?"

"ಬೇಡ ಅಂತ ಕೈ ಮುಗಿದೆ ಕಣೆ. ಕೇಳ್ಲಿಲ್ಲ. ಹಿಂದ್ಗಡೆ ಗಾಡಿ ಬರೋ ಬಾಗಿಲಿಂದ ಕರ್ಕೊಂಡ್ ಬಂದೆ. ಸ್ಟೂಲ್ ಮೇಲೆ ಕೂತ್ಕೊಂಡು, ಗೋಡೆಗೆ ಒರಗಿ ಒರಗಿ ಮಡಚಿದ್ಳು." ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿಂಗೆ ತಾನೇ ಹೇಳ್ತೀನಿ ಅಂದಿದ್ಳು."

ಆ ಗುರುತೇ ಎಲ್ಲ ಹೇಳಿತ್ತು. ಹೋಗುವವರು ಮಾತ್ರ ತೀರಿಸುತ್ತಾರೆ. ನಾನು ಅಲ್ಲೇ ಒದ್ದೆ ಬಟ್ಟೆಯ ಬುಟ್ಟಿಯ ಮೇಲೆ ಕೂತುಬಿಟ್ಟೆ. ಮಾವ ರೋಲರ್ ನಿಲ್ಲಿಸಿದರು.

ಮನೆಗೆ ಹೋದವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದೆ. "ಯಾರನ್ನ ಕೇಳಿ ಹೋಗಿದ್ದೆ?"

ತಂಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. "ನಿನ್ನ ಕೇಳಿದ್ರೆ ಬಿಡ್ತಿದ್ಯಾ?"

"ಕಾಲು ಮುರೀತಿದ್ದೆ."

"ಅದಕ್ಕೇ ಕೇಳ್ಲಿಲ್ಲ." ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: "ಸೂಜಿ ಸಾಕು ಅಂದ್ರು ಅಕ್ಕ, ಡಾಕ್ಟ್ರು. ಇನ್ನು ಹಾಕಿ ಉಪಯೋಗ ಇಲ್ವಂತೆ. ಹಾಗಿದ್ಮೇಲೆ ಅವರೆಲ್ಲ ಯಾಕೆ ಸುಮ್ನೆ ಸೊಂಟ ಮುರ್ಕೊಬೇಕು?" ನಾನು ಬಾಯಿ ತೆರೆಯುವ ಮುಂಚೆ ಕೇಳಿದಳು, "ಇನ್ನೆಷ್ಟು ಬಾಕಿ ಇದೆ? ನಿಂಗೆ ಬಾಯಲ್ಲೇ ಇರತ್ತಲ್ಲ."

ಇತ್ತು. ಇನ್ನೂರು ದಾಟಿತ್ತು. "ಸ್ವಲ್ಪ," ಎಂದೆ.

"ಸುಳ್ಳಿ. ಅಷ್ಟು ನನ್ನ ಕೈಲಾಗಲ್ಲ. ಎಲ್ಲರಿಗೂ ಹೇಳ್ಬಿಡು, ಆಗ್ಲಿಲ್ಲ ಅಂತ."

ಅವಳನ್ನು ತಬ್ಬಿಕೊಂಡು ಅತ್ತೆ. ಬೈಯುವುದು ಬಿಟ್ಟು ನನಗೆ ಬೇರೇನು ಬರುತ್ತದೆ? ಅಳುತ್ತಲೇ ಬೈದೆ. ಮುಂದಿನ ಶನಿವಾರ ಅವಳ ಕಾರ್ಡು ನನ್ನ ಮೇಜಿಗೆ ಬರಲಿಲ್ಲ.

ತಂಗಿಯ ಕಾರ್ಡು ಮುಟ್ಟುವಂತಿಲ್ಲ ಅಂತಿತ್ತೇ ಹೊರತು ಬೇರೆಯವರದ್ದಕ್ಕೆ ತಕರಾರಿರಲಿಲ್ಲ. ಅವಳ ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ ದಿನಾ ಸಂಜೆ ಲೆಕ್ಕದ ಕೋಣೆಗೆ ಬೀಗ ಹಾಕಿ ಒಳಗೆ ಹೋಗಿ ಅವಳ ಸ್ಟೂಲಿನ ಮೇಲೆ ಕೂತು ಮಡಚತೊಡಗಿದೆ. ಎಲ್ಲರೂ ಬೇಡ ಬೇಡ ಅಂದರು. "ನಿಮ್ಮನ್ನ ಯಾರು ಕೇಳಿದ್ರು?" ಎಂದು ಬಾಯಿ ಮುಚ್ಚಿಸಿದೆ. ಒಬ್ಬೊಬ್ಬರ ಕಾರ್ಡಿನಲ್ಲೂ ಗಂಟೆ ಬರೆದು ಪಕ್ಕದಲ್ಲಿ ಸೊನ್ನೆ ಹಾಕಿ, ಅದರೊಳಗೆ ಚುಕ್ಕೆ ಇಡುತ್ತಿದ್ದೆ. ದಿನಕ್ಕೆರಡು ಗಂಟೆಯಂತೆ ಹೆಚ್ಚುಕಡಿಮೆ ಎಲ್ಲವೂ ತೀರಿತು. ಇಸ್ತ್ರಿ ಮಾವನದ್ದು ಮಾತ್ರ ಒಂದಿಷ್ಟು ಉಳಿದಿದೆ.

ಈಗ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಮಾಡುವುದಿಲ್ಲ. ನಿನ್ನೆ ಮಾವ ತಡೆಯಲಾರದೆ ಕೇಳಿಯೇಬಿಟ್ಟರು. "ಯಾಕಮ್ಮ, ಕಾಲುಗಂಟೆಯಮ್ಮ, ಇಷ್ಟು ನಿಧಾನ? ಎರಡು ದಿನ ಕೂತ್ರೆ ಮುಗಿದೇ ಹೋಗತ್ತಲ್ಲ."

"ಮುಗಿದು ಹೋದ್ರೆ," ಎಂದೆ, "ಆಮೇಲೆ ಅವಳ ಗುರುತು ಎಲ್ಲಿ ಹಾಕ್ಲಿ ಮಾವ?"