ಸದ್ದಿಲ್ಲದ ಶಾಲೆ

ಶಾಲೆಯಲ್ಲಿ ಪಾಠ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಆ ಊರಿನವರು ಶಾಲೆಯ ಒಳಗೆ ಹೋಗುತ್ತಿರಲಿಲ್ಲ. ರಸ್ತೆಯಲ್ಲಿ ನಿಂತು ಕಿವಿಗೊಟ್ಟರೆ ಸಾಕಿತ್ತು. ಹಿಂದಿನ ಮೇಷ್ಟ್ರ ಕಾಲದಲ್ಲಿ ಮಕ್ಕಳೆಲ್ಲ ಒಟ್ಟಿಗೆ ಪಾಠ ಕೂಗಿದರೆ ಬಸ್ಸು ನಿಲ್ಲುವ ಜಾಗದವರೆಗೂ ಕೇಳುತ್ತಿತ್ತು. ಮೇಷ್ಟ್ರು ಒಳಗೆ ತೂಕಡಿಸುತ್ತಿದ್ದರೂ ವಿದ್ಯೆ ಮಾತ್ರ ಕಿಟಕಿಯಿಂದ ಧಾರಾಳವಾಗಿ ಹೊರಗೆ ಹರಿಯುತ್ತಿತ್ತು.

ಕತ್ತರಿಯಣ್ಣನ ಕಟಿಂಗ್ ಶಾಪು ಶಾಲೆಯ ಎದುರಿಗೇ ಇದ್ದುದರಿಂದ ಈ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು. "ಇವತ್ತು ಪಾಠ ಜೋರಾಗಿದೆ" ಎಂದು ಅವನು ಹೇಳಿದರೆ ಊರಿಗೆ ಸಮಾಧಾನ.

ಹೊಸ ಮೇಷ್ಟ್ರು ಬಂದರು. ಶಾಲೆ ತಣ್ಣಗಾಯಿತು.

ಅವರಿಗೆ ಸಿಕ್ಕಿದ್ದು ಒಂದೇ ಕೋಣೆ. ನಡುವೆ ಗೋಡೆಯ ಬದಲು ಒಂದು ಬೀರು ನಿಲ್ಲಿಸಿ, ಆ ಕಡೆ ದೊಡ್ಡವರು, ಈ ಕಡೆ ಚಿಕ್ಕವರು ಎಂದು ಮಾಡಿದ್ದರು. ಕರಿಹಲಗೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಬೀರುವಿನಲ್ಲಿ ಪುಸ್ತಕಗಳು ಇರಬೇಕಾದ ಜಾಗದಲ್ಲಿ ಒಂದು ಗಂಟೆಯೂ ಅರ್ಧ ಒಡೆದ ಭೂಗೋಳವೂ ಇದ್ದವು. ಹೊಸ ಪಠ್ಯಪುಸ್ತಕಗಳು ಇನ್ನೂ ದಾರಿಯಲ್ಲಿದ್ದವು. ಯಾವ ದಾರಿಯಲ್ಲಿ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಆ ಮೇಷ್ಟ್ರು ಗಡ್ಡ ತೆಗೆಸಲು ಶಾಪಿಗೆ ಬಂದರು. ಕತ್ತರಿಯಣ್ಣ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಮುಖಕ್ಕೆ ನೊರೆ ಹಚ್ಚಿದ. ಗಂಟಲ ಹತ್ತಿರ ಕತ್ತಿ ಇದ್ದಾಗ ಯಾವ ಗಿರಾಕಿಯೂ ಎದುರು ವಾದ ಹೂಡುವುದಿಲ್ಲ ಎಂಬುದು ಅವನ ಅನುಭವ. ಅದಕ್ಕೇ ದೊಡ್ಡ ಮಾತುಗಳನ್ನೆಲ್ಲ ಕತ್ತಿ ಎತ್ತಿಕೊಂಡ ಮೇಲೆಯೇ ಆಡುತ್ತಿದ್ದ.

"ಮೇಷ್ಟ್ರೇ, ಕೇಳ್ದೆ ಅಂತ ಬೇಜಾರು ಮಾಡ್ಕೋಬೇಡಿ. ಶಾಲೇಲಿ ಏನು, ಎಲ್ರಿಗೂ ಗಂಟಲು ಕಟ್ಟಿದೆಯಾ?"

"ಊಂ ಊಂ" ಎಂದರು ಮೇಷ್ಟ್ರು, ತುಟಿ ಅಲ್ಲಾಡಿಸದೆ.

"ಹಿಂದಿನವರ ಕಾಲದಲ್ಲಿ ನನ್ನ ಮಗಳು ಬೆಕ್ಕಿನ ಪಾಠ ಹೇಳಿದ್ರೆ ಗಿರಾಕಿಗಳು ಥಟ್ಟನೆ ಆ ಕಡೆ ತಿರುಗಿಬಿಡೋರು. ಒಬ್ಬರ ಕಿವಿಗೆ ಗಾಯ ಕೂಡ ಆಯ್ತು. ಈಗ ನೋಡಿದ್ರೆ ಒಂದು ಸಾಲು ಹಿಡ್ಕೊಂಡು ಅರ್ಧ ಸಂಜೆ ಕೂತಿರ್ತಾಳೆ. ಮುಂದಕ್ಕೆ ಹೋಗೋದು ಬಿಟ್ಟು ಹಿಂದಕ್ಕೆ ಬರ್ತಿದಾಳೆ. ಅದಕ್ಕೇ ಬರೋ ತಿಂಗಳು ಅವಳನ್ನ ಬಿಡಿಸಿ ನಮ್ಮಕ್ಕನ ಊರಿಗೆ ಕಳಿಸ್ತೀನಿ. ಅಲ್ಲಿ ಶಾಲೆ ಅಂದ್ರೆ ಶಾಲೆ. ಊರಾಚೆಗೂ ಕೇಳ್ತದೆ."

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಲಾರಿ ಡ್ರೈವರ್ ಬಾಯಿ ಹಾಕಿದ. "ಕಳಿಸಣ್ಣ, ಕಳಿಸು. ನಿಮ್ಮಕ್ಕನ ಮನೇಲಿ ಪಾತ್ರೆ ತೊಳಿಯೋ ಸದ್ದೂ ಊರಾಚೆಗೆ ಕೇಳ್ತದಂತೆ. ಕೂಸಿಗೆ ಎರಡೂ ವಿದ್ಯೆ ಬರ್ತದೆ."

"ನೀನು ಸುಮ್ನಿರಯ್ಯ."

ಡ್ರೈವರ್ ಆಡಿದ ಈ ಮಾತನ್ನೇ ಕತ್ತರಿಯಣ್ಣನ ಹೆಂಡತಿ ಹಿಂದಿನ ರಾತ್ರಿ ಬೇರೆ ದನಿಯಲ್ಲಿ ಹೇಳಿದ್ದಳು. ಎಂಟು ವರ್ಷದ ಮಗು ನನ್ನ ಬಿಟ್ಟು ಹೋಗಬೇಕಾ ಎಂದು ಕೇಳಿದ್ದಳು. ಕತ್ತರಿಯಣ್ಣ ಅದಕ್ಕೂ "ಸುಮ್ನಿರು" ಎಂದಿದ್ದ.

ಮಾತು ಹಿಡಿತ ತಪ್ಪುತ್ತಿದೆ ಎನ್ನಿಸಿ ಅವನು ಒಳಮನೆಗೆ ಕೂಗಿದ. "ಪುಟ್ಟೀ! ಹಳೇ ಪುಸ್ತಕ ತಗೊಂಡು ಬಾ. ಬೆಕ್ಕಿನ ಪಾಠ ಓದು, ಮೇಷ್ಟ್ರು ಕೇಳಲಿ."

ಪುಟ್ಟಿ ಬಂದಳು. ಪುಸ್ತಕ ತೆರೆದು, ಎದೆ ಸೆಟೆಸಿ, ಬಾವಿಕಟ್ಟೆಯ ಮೇಲೆ ಕೂತ ಬೆಕ್ಕಿನ ಕಥೆಯನ್ನು ಎಲ್ಲೂ ತಡವರಿಸದೆ ಒಂದೇ ರಾಗದಲ್ಲಿ ಮುಗಿಸಿದಳು. ಅಪ್ಪನ ಕಣ್ಣು ಅರಳಿತು. ಆದರೆ ಮೇಷ್ಟ್ರ ಕಣ್ಣು ಕನ್ನಡಿಯ ಮೇಲಿತ್ತು. ಅದರಲ್ಲಿ ಪುಸ್ತಕದ ಪುಟ ಕಾಣುತ್ತಿತ್ತು.

ಕತ್ತಿ ಗಂಟಲಿನಿಂದ ದೂರ ಸರಿದ ಸಮಯ ನೋಡಿ ಅವರು ಕೇಳಿದರು. "ಚೆನ್ನಾಗಿ ಹೇಳ್ದೆ ಪುಟ್ಟಿ. ಈ ಪುಟದಲ್ಲಿ 'ಬೆಕ್ಕು' ಅಂತ ಎಲ್ಲಿ ಬರೆದಿದೆ, ಅಪ್ಪನಿಗೆ ತೋರಿಸು."

ಪುಟ್ಟಿ ಧೈರ್ಯವಾಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಕತ್ತರಿಯಣ್ಣ ಬಗ್ಗಿ ನೋಡಿದ. ಸಾಲುಗಳ ಮೇಲೆ ಅರ್ಧ ಪುಟದಷ್ಟು ರೈಲಿನ ಚಿತ್ರವಿತ್ತು. ಓದುವ ಕೆಲಸ ಎದುರಾದಾಗಲೆಲ್ಲ ಅವನು "ಕನ್ನಡಕ ಮನೇಲಿದೆ" ಎನ್ನುವುದು ವಾಡಿಕೆ. ಮನೆಯಲ್ಲಿ ಕನ್ನಡಕ ಇರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಷರಕ್ಕಾದರೆ ಕನ್ನಡಕ ಬೇಕಾಗುತ್ತಿತ್ತು. ರೈಲಿಗೆ ಬೇಕಾಗಲಿಲ್ಲ.

"ಬೆಕ್ಕು ರೈಲು ಹತ್ತಿರಬೇಕು" ಎಂದ ಡ್ರೈವರ್.

ಮೇಷ್ಟ್ರು ನಗಲಿಲ್ಲ. "ಅವಳ ತಪ್ಪಲ್ಲ ಅಣ್ಣಾ. ಇಷ್ಟು ದಿನ ಬಾಯಲ್ಲಿ ಕಲಿತಿದ್ಲು, ಈಗ ಕಣ್ಣಲ್ಲಿ ಕಲೀತಿದಾಳೆ. ಕಣ್ಣು ಸದ್ದು ಮಾಡಲ್ಲ. ಮೊದಮೊದಲು ನಿಧಾನವೇ. ಹೊಸದಾಗಿ ಕತ್ತಿ ಹಿಡಿದವನು ನಿಮ್ಮ ಥರ ಸರಸರ ಅಂತ ಗಡ್ಡ ತೆಗೀತಾನಾ?"

"ತೆಗೆದ್ರೆ ರಕ್ತ ಬರ್ತದೆ" ಎಂದು ಕತ್ತರಿಯಣ್ಣ ಒಪ್ಪಿಕೊಂಡ. ಒಪ್ಪಿದ್ದು ಅಷ್ಟನ್ನು ಮಾತ್ರ.

ಮೇಷ್ಟ್ರ ದೃಷ್ಟಿ ಮೂಲೆಯಲ್ಲಿದ್ದ ಹಳೇ ಪೇಪರುಗಳ ರಾಶಿಯ ಮೇಲೆ ಬಿತ್ತು. ಆಗಾಗ ಒಂದು ಹಾಳೆ ಹರಿದು ಕತ್ತಿಯ ನೊರೆ ಒರೆಸುವುದು ಕತ್ತರಿಯಣ್ಣನ ಪದ್ಧತಿ.

"ಈ ಪೇಪರು ನನಗೆ ಕೊಡ್ತೀರಾ?"

"ನೊರೆ ಯಾತಕ್ಕೆ ಒರೆಸಲಿ?"

"ಒರೆಸೋಕೆ ಮುಂಚೆ ಕೊಡಿ. ಓದಿ ವಾಪಸ್ ಕಳಿಸ್ತೀನಿ. ಇರೋ ಪುಸ್ತಕ ಎಲ್ಲ ಮಕ್ಕಳಿಗೆ ಬಾಯಿಪಾಠ ಆಗೋಗಿದೆ. ಇದು ಯಾರಿಗೂ ಬಾಯಿಪಾಠ ಆಗಿಲ್ಲ ನೋಡಿ."

"ತಗೊಳ್ಳಿ. ಆದ್ರೆ ಬರೋ ತಿಂಗಳು ಮೊದಲ ಸಂತೆ ದಿನ ನಮ್ಮಕ್ಕ ಬರ್ತಾಳೆ. ಅಷ್ಟರೊಳಗೆ ಏನಾದ್ರೂ ಕಂಡ್ರೆ ಸರಿ. ಇಲ್ದಿದ್ರೆ ಮಗು ಬಸ್ಸು ಹತ್ತಿದ ಹಾಗೇ."

ಮೇಷ್ಟ್ರು ಎದ್ದು ಮುಖ ಒರೆಸಿಕೊಂಡರು. "ಒಂದು ಕೆಲಸ ನೀವೂ ಮಾಡಿ. ದಿನಾ ಸಂಜೆ ಅವಳ ಕೈಗೆ ಅವಳು ನೋಡೇ ಇರದ ಒಂದು ಕಾಗದ ಕೊಡಿ. ಓದಿಸಿ. ಆಮೇಲೆ 'ಇದರಲ್ಲಿ ಏನಿದೆ' ಅಂತ ಕೇಳಿ."

"ತಪ್ಪು ಓದಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ನನ್ನ ಕನ್ನಡಕ..."

"ಕನ್ನಡಕ ಬೇಡ, ಕಿವಿ ಸಾಕು. ತಲೆಬುಡ ಇಲ್ಲದ ಮಾತು ಬಂದ್ರೆ ನಿಮಗೇ ಗೊತ್ತಾಗ್ತದೆ. 'ಇನ್ನೊಂದ್ಸಲ ನೋಡು' ಅನ್ನಿ. ಬೈಬೇಡಿ, ಅಷ್ಟೇ."

ಕತ್ತರಿಯಣ್ಣ ಆ ಕೆಲಸ ಮಾಡಲಿಲ್ಲ. ಅವನ ಹೆಂಡತಿ ಮಾಡಿದಳು. ಸಂಜೆ ಒಲೆಯ ಮುಂದೆ ಮಗಳನ್ನು ಕೂರಿಸಿಕೊಂಡು ಸೋಪಿನ ಪೊಟ್ಟಣ, ಬೀಜದ ಚೀಲ, ಸಾಮಾನು ಕಟ್ಟಿ ಬಂದ ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸಿದಳು. ಶಾಲೆಯಲ್ಲೂ ಮಕ್ಕಳು ಪೇಪರಿನ ತುಂಡು ಹಿಡಿದು ಗೋಡೆಗೊರಗಿ ಕೂರುತ್ತಿದ್ದರು. ಓದಿದ್ದನ್ನು ಪಕ್ಕದವರಿಗೆ ಪಿಸುಗುಡುತ್ತಿದ್ದರು. ರಸ್ತೆಗೆ ಏನೂ ಕೇಳಿಸುತ್ತಿರಲಿಲ್ಲ. ಕತ್ತರಿಯಣ್ಣ ಎದುರಿನಿಂದ ನೋಡಿ ತಲೆ ಅಲ್ಲಾಡಿಸುತ್ತಿದ್ದ.

ಸಂತೆಯ ದಿನ ಅಕ್ಕ ಬಂದಳು. ತರಕಾರಿ ಕೊಂಡು, ಪುಟ್ಟಿಯ ಬಟ್ಟೆಯ ಚೀಲವನ್ನು ತನ್ನ ಕಾಲ ಬಳಿ ಇಟ್ಟುಕೊಂಡು, ಶಾಪಿನ ಹೊರಗೆ ಬಸ್ಸಿಗೆ ಕಾಯುತ್ತ ನಿಂತಳು. ಪುಟ್ಟಿಯ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕುರ್ಚಿಯಲ್ಲಿ ಲಾರಿ ಡ್ರೈವರ್. ಒಂದು ಕೆನ್ನೆ ಬೋಳು, ಇನ್ನೊಂದು ಕೆನ್ನೆ ನೊರೆ.

ಪುಟ್ಟಿ ಹೋಗಿಬರ್ತೀನಿ ಎಂದು ಹೇಳಲು ಅಪ್ಪನ ಬಳಿ ಬಂದಳು. ಅವನು ಅವಳ ಮುಖ ನೋಡದೆ ಒಂದು ಪೇಪರು ಎಳೆದು, ಅಡ್ಡಕ್ಕೆ ಹರಿದು, ಕೆಳಗಿನ ತುಂಡಿನಿಂದ ಕತ್ತಿ ಒರೆಸಿ ಬುಟ್ಟಿಗೆ ಎಸೆದ. ಮೇಲಿನ ತುಂಡು ಮೇಜಿನ ಮೇಲೆ ಉಳಿಯಿತು. ಪುಟ್ಟಿ ಅದರ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಅದು ಅಭ್ಯಾಸವಾಗಿಹೋಗಿತ್ತು.

"ಠಾ... ಠಾಣೆಗೆ ಬಂದ ಗಿಳಿ" ಎಂದು ಓದಿದಳು. "ಮೊಟ್ಟೆ ಸಂಜೆ ಒಂದು ಗಿಳಿ..."

"ಮೊಟ್ಟೆ ಸಂಜೆ ಅಂದ್ರೆ ಯಾವ ಸಂಜೆನೇ?" ಕತ್ತರಿಯಣ್ಣನ ಬಾಯಿಂದ ತಾನಾಗಿ ಬಂತು. "ಇನ್ನೊಂದ್ಸಲ ನೋಡು."

ಪುಟ್ಟಿ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು. "ಮೊ... ನ್ನೆ. ಮೊನ್ನೆ! ಮೊನ್ನೆ ಸಂಜೆ ಒಂದು ಗಿಳಿ ಪೊಲೀಸ್ ಠಾಣೆಗೆ ಹಾರಿ ಬಂದು ಮೇಜಿನ ಮೇಲೆ ಕೂತಿತು. ಯಾರು ಓಡಿಸಿದರೂ ಹೋಗಲಿಲ್ಲ. ಕೊನೆಗೆ ಪೊಲೀಸರು ನೀನು ಯಾರ ಮನೆಯ ಗಿಳಿ ಎಂದು ಕೇಳಿದಾಗ ಅದು..."

ಅಲ್ಲಿಗೆ ಕಾಗದ ಮುಗಿಯಿತು.

ಕುರ್ಚಿಯಲ್ಲಿದ್ದವನು ನೊರೆ ಮುಖದಲ್ಲೇ ಮುಂದಕ್ಕೆ ಬಾಗಿದ.

"ಏನಂತು?" ಎಂದ ಡ್ರೈವರ್.

"ಗೊತ್ತಿಲ್ಲ. ಅಪ್ಪ ಹರಿದುಹಾಕಿದ್ರು."

ಕತ್ತರಿಯಣ್ಣ ಕತ್ತಿ ಕೆಳಗಿಟ್ಟು ಬುಟ್ಟಿಗೆ ಕೈ ಹಾಕಿದ. ಕೂದಲಿನ ನಡುವಿನಿಂದ ಮುದ್ದೆಯಾದ ತುಂಡನ್ನು ತೆಗೆದು, ಮೇಜಿನ ಮೇಲೆ ಬಿಡಿಸಿ, ಹೆಗಲ ಟವಲಿನಿಂದ ನೊರೆಯನ್ನು ಮೆಲ್ಲಗೆ ಒತ್ತಿದ. ಇಷ್ಟು ನಾಜೂಕಾಗಿ ಅವನು ಯಾರ ಕೆನ್ನೆಯನ್ನೂ ಮುಟ್ಟಿರಲಿಲ್ಲ.

ಹೊರಗೆ ಹಾರ್ನ್ ಕೇಳಿಸಿತು. "ಬಸ್ಸು ಬಂತು ಕಣೋ!" ಎಂದು ಅಕ್ಕ ಕೂಗಿದಳು.

"ತಡಿಯಕ್ಕ! ಗಿಳಿ ಏನೋ ಹೇಳ್ತಾ ಇದೆ."

ಪುಟ್ಟಿ ಒದ್ದೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದಳು. "ಅದು... 'ಬಾಗಿಲು ಹಾಕ್ರೋ, ಸೊಳ್ಳೆ ಬರ್ತವೆ' ಎಂದು ಕಿರುಚಿತು. ಪಕ್ಕದ ಬೀದಿಯ ಅಜ್ಜಿಯೊಬ್ಬರು ದಿನವೂ ಹೀಗೆ ಕಿರುಚುವುದು ಎಲ್ಲರಿಗೂ ತಿಳಿದಿದ್ದರಿಂದ ಗಿಳಿಯನ್ನು ಅವರ ಮನೆಗೆ ತಲುಪಿಸಲಾಯಿತು."

ಡ್ರೈವರ್ ನಕ್ಕ ರಭಸಕ್ಕೆ ಕೆನ್ನೆಯ ನೊರೆ ಕನ್ನಡಿಗೆ ಹಾರಿತು. ಬಾಗಿಲಲ್ಲಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕತ್ತರಿಯಣ್ಣ ಮಾತ್ರ ನಗಲಿಲ್ಲ.

"ಈ ಪೇಪರು ಯಾವತ್ತಿಂದು?"

"ಇವತ್ತಿಂದು. ಬೆಳಿಗ್ಗೆ ನಾನೇ ತಂದು ಇಲ್ಲಿಟ್ಟಿದ್ದು" ಎಂದ ಡ್ರೈವರ್. "ನಾನೇ ಇನ್ನೂ ಓದಿಲ್ಲ. ನೀನು ಹರಿದೂ ಆಯ್ತು."

ಇವತ್ತಿನ ಪೇಪರು. ಯಾರೂ ಅವಳಿಗೆ ಕೂಗಿ ಕಲಿಸಿದ್ದಲ್ಲ. ಕತ್ತರಿಯಣ್ಣ ಹೊರಗೆ ಹೋಗಿ ಅಕ್ಕನ ಕಾಲ ಬಳಿಯಿದ್ದ ಚೀಲವನ್ನು ಎತ್ತಿಕೊಂಡ.

"ಅಕ್ಕ, ನೀನು ಹೊರಡು. ಇವಳು ಬರಲ್ಲ."

"ಅಯ್ಯೋ, ಇದೇನೋ ಈಗ? ಆ ಶಾಲೇಲಿ ಒಂದು ಸದ್ದಿಲ್ಲ ಅಂತ ನೀನೇ ಹೇಳ್ದೆ!"

"ಸದ್ದಿಲ್ಲ ನಿಜ" ಎಂದ ಕತ್ತರಿಯಣ್ಣ. "ಓದು ಇದೆ."

ಬಸ್ಸು ಅಕ್ಕನನ್ನೂ ಅವಳ ತರಕಾರಿಯನ್ನೂ ಹೊತ್ತು ಹೋಯಿತು. ಒಳಗಿನಿಂದ ಡ್ರೈವರ್ ಕೂಗಿದ. "ಅಣ್ಣಾ, ನನ್ನ ಇನ್ನೊಂದು ಕೆನ್ನೆ ಏನು ಮುಂದಿನ ಸಂತೆಗಾ?"

ಈಗ ಆ ಶಾಪಿನಲ್ಲಿ ಪುಟ್ಟಿ ಓದದ ಹೊರತು ಯಾವ ಪೇಪರಿಗೂ ನೊರೆ ತಾಗುವಂತಿಲ್ಲ. ಗಿರಾಕಿಗಳು ಕಾಯುತ್ತಾರೆ. ಕತ್ತರಿಯಣ್ಣನ ಕನ್ನಡಕ ಇನ್ನೂ ಮನೆಯಲ್ಲೇ ಇದೆ. ಮಗಳು ಸಂಜೆ ಹೊತ್ತು ಅವನಿಗೂ ಒಂದೊಂದು ಅಕ್ಷರ ತೋರಿಸುತ್ತಿದ್ದಾಳೆ ಎಂದು ಡ್ರೈವರ್ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ.

ಇದನ್ನು ಓದುತ್ತಿರುವ, ಅಥವಾ ಬೇರೆಯವರಿಂದ ಓದಿಸಿ ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗು ಪಾಠವನ್ನು ಪಟಪಟನೆ ಒಪ್ಪಿಸಿದರೆ ಸಂತೋಷಪಡಿ, ಆದರೆ ಅಷ್ಟಕ್ಕೇ ಬಿಡಬೇಡಿ. ಇವತ್ತು ಸಂಜೆ ಅದರ ಕೈಗೆ ಅದು ಕಂಡಿರದ ಒಂದು ಕಾಗದ ಕೊಡಿ. ಪೊಟ್ಟಣದ ಮೇಲಿನ ನಾಲ್ಕು ಸಾಲಾದರೂ ಸಾಕು. ತಡವರಿಸಿದರೆ ಕಾಯಿರಿ. ಅರ್ಥವಾಗದ ಮಾತು ಬಂದರೆ ಇನ್ನೊಮ್ಮೆ ನೋಡು ಎನ್ನಿ. ಓದಿದ ಮೇಲೆ ಏನಿದೆ ಎಂದು ಕೇಳಿ. ನಿಮಗೆ ಅಕ್ಷರ ಬರದಿದ್ದರೂ ಇದು ನಿಮ್ಮಿಂದ ಆಗುವ ಕೆಲಸ. ಓದಿ ಮುಗಿಸಿದ ಪೇಪರು, ಪುಸ್ತಕಗಳಿದ್ದರೆ ನಿಮ್ಮ ಶಾಲೆಗೆ ಕೊಟ್ಟು ಬನ್ನಿ. ಅಲ್ಲಿನ ಬೀರುವಿನಲ್ಲಿ ಜಾಗ ಬೇಕಾದಷ್ಟಿದೆ. ಶಾಲೆಯ ಮುಂದೆ ಹೋಗುವಾಗ ಸದ್ದು ಕೇಳಿಸದಿದ್ದರೆ ರಸ್ತೆಯಲ್ಲೇ ನಿಂತು ತೀರ್ಪು ಕೊಡಬೇಡಿ. ಬಾಗಿಲು ತೆರೆದೇ ಇರುತ್ತದೆ. ಒಳಗೆ ಹೋಗಿ ನೋಡಿ.