ಕೈಯೆಣ್ಣೆ

ಸಂಜೆ ಐದಾಯಿತೆಂದರೆ ಹದಿನೆಂಟು ಹೆಂಗಸರು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಮೊದಲು ಗೂಟಕ್ಕೆ ಕಟ್ಟಿದ ಗೋಣಿಚೀಲಕ್ಕೆ ಎರಡೂ ಕೈ ಒರೆಸಬೇಕು. ಆಮೇಲೆ ಬುಟ್ಟಿಯೊಳಗಿನ ತವುಡು ತೆಗೆದುಕೊಂಡು ಬೆರಳ ಸಂದಿಗಳನ್ನೆಲ್ಲ ತಿಕ್ಕಬೇಕು. ಆ ತವುಡು ನೆಲಕ್ಕೆ ಬೀಳುವಂತಿಲ್ಲ, ತಿರುಗಿ ಬುಟ್ಟಿಗೇ ಉದುರಬೇಕು. ಕೊನೆಗೆ ಗುಮಾಸ್ತ ಪಾಲಾಕ್ಷಪ್ಪನ ಮುಂದೆ ಅಂಗೈ ಚಾಚಬೇಕು. ಅವನು ಮುಟ್ಟುವುದಿಲ್ಲ. ದೂರದಿಂದಲೇ ಬಗ್ಗಿ ನೋಡುತ್ತಾನೆ. ಬಿಸಿಲಿಗೆ ಅಂಗೈ ಮಿಂಚಿದರೆ "ಇನ್ನೊಮ್ಮಿ ತಿಕ್ಕು" ಅನ್ನುತ್ತಾನೆ.

ವಾರಕ್ಕೊಮ್ಮೆ ಆ ಗೋಣಿಯನ್ನೂ ತವುಡನ್ನೂ ಹಂಡೆಯಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು ಡಬ್ಬಿಗೆ ಹಾಕುತ್ತಿದ್ದರು. ಹೆಂಗಸರ ಚರ್ಮದೊಳಗೆ ಇಳಿದದ್ದನ್ನು ಹಿಂಡುವುದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿರಲಿಲ್ಲ.

ಕಾನಹೊಸಹಳ್ಳಿಯ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ ಇದ್ದ ಆ ಶೆಡ್ಡು ಗುರುಸಂಗಪ್ಪನದು. ಎಮರ್ಜೆನ್ಸಿ ಮುಗಿದು ಎರಡು ವರ್ಷವಾಗಿತ್ತು. ಶೆಡ್ಡಿನೊಳಗೆ ಬೇವಿನ ಬೀಜ ಕುಟ್ಟಿ, ನಾದಿ, ಮುಷ್ಟಿಯಲ್ಲೇ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಪಟ್ಟಣದ ಯಾವುದೋ ಕಂಪನಿ ಅದನ್ನು ಬಾಟಲಿಗೆ ತುಂಬಿ ತಲೆಗೂದಲಿಗೆ, ಮೈಚರ್ಮಕ್ಕೆ ಅಂತ ಮಾರುತ್ತಿತ್ತು. ಹಿಂಡುವವರೆಲ್ಲ ಕೇರಿಯ ಹೆಂಗಸರು. ಅವರ ಕೈಯ ನೀರು ಊರವರ ಗಂಟಲಿಗೆ ಇಳಿಯುವಂತಿರಲಿಲ್ಲ. ಅವರ ಕೈಯ ಎಣ್ಣೆ ಮಾತ್ರ ಊರವರ ನೆತ್ತಿಗೆ ಇಳಿಯಬಹುದಿತ್ತು. ಮಡಿಯ ಲೆಕ್ಕ ಯಾವತ್ತೂ ಉಳ್ಳವರ ಕಡೆಗೇ ಕೂಡಿ ಬರುತ್ತದೆ.

ಆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ಸುಂಕಮ್ಮ. ಅರವತ್ತು ದಾಟಿದ್ದಳು. ಈ ಕೆಲಸವನ್ನು ಉಳಿದ ಹದಿನೇಳು ಮಂದಿಗೆ ಕಲಿಸಿದವಳು ಅವಳೇ. ಅಷ್ಟೇ ಅಲ್ಲ, ಗುರುಸಂಗಪ್ಪನಿಗೂ ಕಲಿಸಿದವಳು ಅವಳೇ.

ಸುಂಕಮ್ಮನ ಅತ್ತೆಯ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಬೇವಿನೆಣ್ಣೆ ತೆಗೆಯುತ್ತಿದ್ದರು. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ದಾರಿಬದಿಯ ಮರಗಳ ಹಳದಿ ಹಣ್ಣು ಆರಿಸಿ, ತೊಳೆದು, ಒಣಗಿಸಿ, ಒಡೆದು, ಒಳಗಿನ ತಿರುಳನ್ನು ಒರಳಲ್ಲಿ ಕುಟ್ಟುವರು. ಬಿಸಿನೀರು ಚಿಮುಕಿಸಿ ನಾದುವರು. ಮುಷ್ಟಿ ಬಿಗಿದರೆ ಬೆರಳ ಸಂದಿಯಿಂದ ಎಣ್ಣೆ ಒಸರುವುದು. ಕಜ್ಜಿ, ಹೇನು, ಹೊಟ್ಟು, ತಲೆಹುಣ್ಣು, ಏನಿದ್ದರೂ ಸುತ್ತಲ ಹಳ್ಳಿಯವರು ಆ ಮನೆಯ ಮುಂದೆ ಬಂದು ನಿಲ್ಲುವರು. ಮನೆತನದ ಕಟ್ಟಳೆ ಎರಡೇ. ಒಂದು, ಮೈಗೆ ಹಚ್ಚುವ ಎಣ್ಣೆಯನ್ನು ಮಾರಬಾರದು, ಕೇಳಿದವರಿಗೆ ಮುಚ್ಚಿಡಬಾರದು. ಎರಡನೆಯದು, ಹಿಂಡಿದ ಮೇಲೆ ಕೈಗೆ ಅಂಟಿ ಉಳಿದದ್ದು ಹಿಂಡಿದವಳದಲ್ಲ. ಮೊದಲು ಎದುರಾದ ಮಗುವಿನ ತಲೆಗೆ ಅದನ್ನು ಒರೆಸಬೇಕು. ಅದಕ್ಕೇ ಅದರ ಹೆಸರು ಕೈಯೆಣ್ಣೆ. ಸುಂಕಮ್ಮ ಎಣ್ಣೆ ಹಿಂಡುವ ದಿನ ಕೇರಿಯ ಮಕ್ಕಳೆಲ್ಲ ಅವಳ ಬಾಗಿಲಲ್ಲಿ ಜಗಳವಾಡುತ್ತಿದ್ದವು.

ನಾಲ್ಕು ವರ್ಷದ ಹಿಂದೆ ಗುರುಸಂಗಪ್ಪನೂ ಆ ಬಾಗಿಲಿಗೆ ಬಂದಿದ್ದ. ಮಗಳ ತಲೆತುಂಬ ಹುಣ್ಣಾಗಿ ಕೂದಲು ಹಿಡಿಹಿಡಿ ಉದುರುತ್ತಿತ್ತು. ಕೇರಿಯೊಳಗೆ ಕಾಲಿಡದೆ ಮೋಟಾರ್ ಸೈಕಲ್ ಮೇಲೇ ಕೂತು ಬಾಟಲಿ ಚಾಚಿದ. ಸುಂಕಮ್ಮ ತುಂಬಿಸಿ ಕೊಟ್ಟಳು. ತಿಂಗಳಿಗೆಲ್ಲ ಮಗಳ ತಲೆ ವಾಸಿಯಾಯಿತು. ಅವನು ಮತ್ತೆ ಬಂದ.

"ಎಷ್ಟು ಕೊಡ್ಲವಾ ಇದಕ್ಕ?"

"ಇದನ್ನ ಮಾರಂಗಿಲ್ಲರಿ ಸಾವ್ಕಾರ್ರ. ಮಾರಿದ ಕೈಗೆ ಗುಣ ಇರಂಗಿಲ್ಲ."

"ಗಾಣದ ಎಣ್ಣಿ ಹಚ್ಚಿದ್ವಿ, ಉರಿಗೆ ಕೂಸು ಅತ್ತುಬಿಡ್ತು. ನಿಂದು ತಣ್ಣಗೈತೆಲ್ಲ, ಹೆಂಗ ಮಾಡ್ತಿ?"

ಕೇಳಿದವರಿಗೆ ಮುಚ್ಚಿಡಬಾರದಲ್ಲ. ಹಣ್ಣು ಎಷ್ಟು ದಿನ ನೆರಳಿಗೆ, ಎಷ್ಟು ದಿನ ಬಿಸಿಲಿಗೆ, ನೀರು ಎಷ್ಟು ಬೆಚ್ಚಗಿರಬೇಕು, ಎಲ್ಲವನ್ನೂ ಸುಂಕಮ್ಮ ಹೇಳಿದಳು. ಒಂದಿಡೀ ದಿನ ಅವನ ಕಣ್ಣೆದುರಿಗೇ ಹಿಂಡಿ ತೋರಿಸಿದಳು. ಮರುವರ್ಷ ಹೆದ್ದಾರಿಯ ಎರಡೂ ಬದಿಯ ಬೇವಿನ ಮರಗಳ ಫಸಲು ಹರಾಜಾಯಿತು. ಹಿಡಿದವನು ಗುರುಸಂಗಪ್ಪ. ಹರಾಜೆಂದರೆ ಏನು ಅಂತ ಕೇರಿಗೆ ತಿಳಿಯುವ ಹೊತ್ತಿಗೆ ಮರಮರಕ್ಕೂ ಸುಣ್ಣದ ನಂಬರು ಬಿದ್ದಿತ್ತು. ನೆಲಕ್ಕೆ ಬಿದ್ದ ಹಣ್ಣು ಮುಟ್ಟಿದರೂ ಕಳ್ಳತನ. ಎಣ್ಣೆ ಬೇಕಾದರೆ ಅವನ ಶೆಡ್ಡಿಗೆ ಕೂಲಿಗೆ ಹೋಗಿ ಹಿಂಡಬೇಕು, ಹಿಂಡಿ ಅಲ್ಲೇ ಬಿಟ್ಟು ಬರಬೇಕು.

ಈ ವರ್ಷ ಸುಂಕಮ್ಮನಿಗೇ ಎಣ್ಣೆ ಬೇಕಾಯಿತು.

ಮೊಮ್ಮಗಳು ಮಾಳಿ ಹತ್ತು ವರ್ಷದವಳು. ಊರ ಶಾಲೆಯಲ್ಲಿದ್ದ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಮುಂದೆ ಓದಬೇಕೆಂದರೆ ಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲೇ ಗತಿ. ಮಾಸ್ತರರು ಓಡಾಡಿ ಸೀಟು ಕೊಡಿಸಿದ್ದರು. ಅವ್ವ ಜೋಗಮ್ಮ, ಅಪ್ಪ ದುರುಗಪ್ಪ ಇಬ್ಬರೂ ಗಂಗಾವತಿ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋಗಿದ್ದರು. ಸೀಟು ತಪ್ಪಿದರೆ ನಾಟಿಯ ಹೊತ್ತಿಗೆ ಮಗಳನ್ನೂ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿಯೇ ಹೋಗಿದ್ದರು. ಕೆಸರಿನಲ್ಲಿ ಬಗ್ಗಿದ ಹುಡುಗಿಯರು ಮತ್ತೆ ಪಾಟಿಚೀಲ ಹಿಡಿದದ್ದನ್ನು ಸುಂಕಮ್ಮ ನೋಡಿರಲಿಲ್ಲ.

ಅಷ್ಟರಲ್ಲಿ ಮಾಳಿಯ ತಲೆಗೆ ಹುಣ್ಣು ಎದ್ದವು. ಕೀವು ಕಟ್ಟಿ ಕೂದಲು ಜಡೆಗಟ್ಟಿತು. ಹಾಸ್ಟೆಲ್ಲಿನ ವಾರ್ಡನ್ ಮೂಗಿಗೆ ಸೆರಗು ಹಿಡಿದಳು.

"ಇದು ಉಳಿದ ಮಕ್ಕಳಿಗೆ ಹತ್ತುತ್ತೆ ಅಮ್ಮ. ಹತ್ತು ದಿನ ಟೈಮ್ ಕೊಡ್ತೀನಿ. ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಕರ್ಕೊಂಡು ಬಾ. ತಲೆ ಸ್ವಚ್ಛ ಇದ್ರೆ ಸೀಟು. ಇಲ್ಲಾಂದ್ರೆ ಲಿಸ್ಟಲ್ಲಿ ಮುಂದಿನವರಿಗೆ."

ಸರ್ಕಾರಿ ದವಾಖಾನೆಯಲ್ಲಿ ಮುಲಾಮು ಮುಗಿದಿತ್ತು. ಸುಂಕಮ್ಮ ಬೇವಿನೆಲೆ ಕುದಿಸಿ ತಲೆ ತೊಳೆದಳು, ಅರಿಷಿಣ ಹಚ್ಚಿದಳು. ಮೇಲೆ ಒಣಗಿತು, ಒಳಗೆ ಕೀವು ಹಾಗೇ ಉಳಿಯಿತು. ಎಂಟು ದಿನ ಎಣ್ಣೆ ಬಿದ್ದರೆ ಸಾಕು ಅಂತ ಅವಳಿಗೆ ಗೊತ್ತಿತ್ತು. ಇನ್ನೂರು ತಲೆ ವಾಸಿ ಮಾಡಿದ ಕೈ ಅದು, ತನ್ನ ಮನೆಯ ತಲೆಯ ಮುಂದೆ ಬರಿಗೈಯಾಗಿತ್ತು.

ಕೆರೆಯ ಅಂಗಳದಲ್ಲಿ ಒಂದು ಹುಣಸೆ ಮರ. ಅದಕ್ಕೆ ನಂಬರು ಬಿದ್ದಿರಲಿಲ್ಲ. ಬೇವಿನ ಹಣ್ಣು ತಿಂದ ಕಾಗೆಗಳು ಅಲ್ಲಿಗೆ ಬಂದು ಕೂತು ಬೀಜ ಉಗುಳುತ್ತಿದ್ದವು. ಬೆಳಿಗ್ಗೆ ಶೆಡ್ಡಿಗೆ ಹೋಗುವ ಮುಂಚೆ ಸುಂಕಮ್ಮ ಹೋಗಿ ಉಡಿತುಂಬ ಬೀಜ ಆರಿಸಿಕೊಂಡಳು. ಹರಾಜು ಕಾವಲಿನ ಮೈಲಪ್ಪ ಕೋಲು ಹಿಡಿದು ಬಂದ.

"ಉಡಿ ಬಿಚ್ಚಬೇ ಸುಂಕವ್ವ."

"ಇದು ಹುಣಸಿ ಗಿಡದ ಬುಡಕಿಂದಪ. ಕಾಗಿ ತಂದು ಹಾಕ್ಯಾವ."

"ಕಾಗಿ ಎಲ್ಲಿಂದ ತಂತು? ನಂಬರ್ ಗಿಡದಿಂದನಾ ತಂದಿರದು. ನಾ ಬಿಟ್ರ ನನ್ನ ಕೆಲಸ ಹೋಗ್ತೈತಿ. ಬಿಚ್ಚು."

ಕಾಗೆಗಳು ಹರಾಜಿನಲ್ಲಿ ಕೂಗಿರಲಿಲ್ಲ, ಆದರೂ ಅವು ಗುರುಸಂಗಪ್ಪನ ಆಳುಗಳಾಗಿಬಿಟ್ಟಿದ್ದವು. ಸುಂಕಮ್ಮ ಉಡಿ ಬಿಚ್ಚಿದಳು. ಮೈಲಪ್ಪ ಬೀಜಗಳನ್ನು ತನ್ನ ಟವಲಿಗೆ ಸುರಿದುಕೊಂಡ. ಅವಳ ಮುಖ ನೋಡದೆ ಹೋದ.

ಮರುದಿನ ಗುರುಸಂಗಪ್ಪ ಶೆಡ್ಡಿಗೆ ಬಂದಾಗ ಸುಂಕಮ್ಮ ಎದ್ದು ನಿಂತಳು.

"ಸಾವ್ಕಾರ್ರ, ಮೊಮ್ಮಗಳ ತಲಿಗೆ ಹುಣ್ಣಾಗ್ಯಾವರಿ. ಚೂರು ಎಣ್ಣಿ ಬೇಕಾಗಿತ್ತು."

"ಅಯ್ಯೋ ನಿಂಗ ಇಲ್ಲ ಅಂತೀನಾ ಸುಂಕವ್ವ? ಆದ್ರ ಟಿನ್ನು ಸೀಲಾಗ್ಯಾವ. ಅವು ಕಂಪನೇರವು, ನಂದೇನೈತಿ?"

"ಟಿನ್ನಿಂದು ಬ್ಯಾಡ್ರಿ. ಕೈಗೆ ಹತ್ತಿದ್ದು ಸಾಕು. ಒಂದೆಂಟು ದಿನ ಗ್ವಾಣಿಗೆ ಒರಸದಂಗ ಮನಿಗೆ ಹೋಗ್ತೀನಿ."

"ನಿನ್ನ ಬಿಟ್ರ ಎಲ್ಲಾರನ್ನೂ ಬಿಡಬೇಕಾಗ್ತೈತಿ."

"ನಿಮ್ಮ ಮಗಳ ತಲಿ ಕೆಟ್ಟಾಗ ನಾ ಹಂಗ ಅನಲಿಲ್ಲರಿ."

ಗುರುಸಂಗಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಕ್ಕ.

"ನೀನಾ ಅಂದಿದ್ದೆಲ್ಲವಾ, ಮಾರಂಗಿಲ್ಲ, ಮುಚ್ಚಿಡಂಗಿಲ್ಲ ಅಂತ. ನಾ ಏನ್ ಕಸಗಂಡೀನಾ? ನೀ ಕೊಟ್ಟಿ, ನಾ ತಗಂಡೆ."

ಸುಂಕಮ್ಮ ತಿರುಗಿ ಹೋಗಿ ತನ್ನ ಒರಳ ಮುಂದೆ ಕೂತಳು. ಅತ್ತೆಯ ಅತ್ತೆಯ ಕಾಲದ ಹಿರಿಯರು ಕೊಡುವುದಕ್ಕೆ ಕಟ್ಟಳೆ ಮಾಡಿದ್ದರು, ದೋಚಿಕೊಳ್ಳುವವನು ಬಂದಾಗ ಏನು ಮಾಡಬೇಕು ಅಂತ ಹೇಳಿಹೋಗಿರಲಿಲ್ಲ.

ಆ ಸಂಜೆ ಅವಳು ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ಸಾಲಿನಲ್ಲಿ ನಿಂತವಳು ಗೋಣಿಗೆ ಕೈ ಒರೆಸುವ ಮುಂಚೆ, ಸೆರಗು ಸರಿಮಾಡಿಕೊಳ್ಳುವವಳ ಹಾಗೆ, ಎರಡೂ ಅಂಗೈಗಳನ್ನು ತನ್ನ ನರೆಗೂದಲಿಗೆ ಒತ್ತಿ ತಿಕ್ಕಿಕೊಂಡಳು. ಕೈಯೆಣ್ಣೆ ಹಿಂಡಿದವಳದಲ್ಲ, ಗೊತ್ತು. ಮನೆಗೆ ಹೋಗಿ ಮೊಮ್ಮಗಳ ತಲೆಗೆ ತಲೆ ಹಚ್ಚಿ ಒರೆಸಿದರೆ ತಪ್ಪು ತಿದ್ದಿದಂತೆ ಆಗುತ್ತದೆ ಅಂದುಕೊಂಡಳು.

ಪಾಲಾಕ್ಷಪ್ಪ ಅಂಗೈ ನೋಡಿದ. ಆಮೇಲೆ ಅವಳ ತಲೆ ನೋಡಿದ.

"ಸೆರಗು ತಗಿ."

ಬಿಳಿಗೂದಲು ಸಂಜೆಯ ಬಿಸಿಲಿಗೆ ಮಿರಮಿರ ಮಿಂಚಿತು.

"ತೊಳಕಂಡು ಹೋಗು."

ಡ್ರಮ್ಮಿನ ನೀರನ್ನು ಹೆಂಗಸರು ಮುಟ್ಟುವ ಹಾಗಿರಲಿಲ್ಲ. ಅವನೇ ತಂಬಿಗೆಯಲ್ಲಿ ಮೊಗೆದು ಮೇಲಿನಿಂದ ಸುರಿದ. ಸುಂಕಮ್ಮ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆಸೋಡಾ ಹಾಕಿಕೊಂಡು ತಲೆ ತಿಕ್ಕಿದಳು. ಸೋಡಾ ಕಣ್ಣಿಗಿಳಿಯಿತು. ಮೂರು ಸಲ ತೊಳೆಸಿದ. ಹದಿನೇಳು ಮಂದಿ ನಿಂತು ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾಳೆಯ ಕೂಲಿ ಹೋಗುತ್ತಿತ್ತು, ಅಷ್ಟೇ. ಆದರೆ ಅಷ್ಟೇ ಅನ್ನುವುದು ಕೂಲಿ ಇಲ್ಲದೆ ಒಲೆ ಹೊತ್ತದ ಮನೆಯವರಿಗೆ ದೊಡ್ಡ ಮಾತು. ಇಡೀ ಊರಿನ ತಲೆ ಕಾಯ್ದ ಮುದುಕಿ ಒದ್ದೆ ಕೂದಲು ಇಳಿಬಿಟ್ಟುಕೊಂಡು ಒಬ್ಬಳೇ ನಡೆದು ಹೋದಳು.

ಉಳಿದ ದಿನಗಳು ಎಲೆ ಕುದಿಸುವುದರಲ್ಲೇ ಕಳೆದವು. ಸೋಮವಾರ ಸುಂಕಮ್ಮ ಮಾಳಿಯ ತಲೆಗೆ ಬಿಳಿ ಬಟ್ಟೆ ಕಟ್ಟಿ ಬಸ್ಸು ಹತ್ತಿಸಿದಳು. ವಾರ್ಡನ್ ಬಟ್ಟೆ ಬಿಚ್ಚಿಸಿದಳು. ಕೆಟ್ಟ ಹೆಂಗಸೇನಲ್ಲ, ಅವಳ ಮುಖವೂ ಬಾಡಿತು.

"ಹೇಳಿದ್ನಲ್ಲಮ್ಮ. ನಾನೇನು ಮಾಡ್ಲಿ? ಒಂದು ಒಳ್ಳೆ ಎಣ್ಣೆ ಬಂದಿದೆ, ಅಂಗಡಿಯಲ್ಲಿ ಸಿಗುತ್ತೆ. ತಗೊಂಡು ಹಚ್ಚು. ಮುಂದಿನ ವರ್ಷ ನೋಡೋಣ."

ಮೇಜಿನ ಮೇಲೆ ಆ ಬಾಟಲಿ ಇತ್ತು. ಉದ್ದ ಜಡೆಯ ಹೆಂಗಸಿನ ಚಿತ್ರ. ವಾರ್ಡನ್ ಬಿರಡೆ ತೆಗೆದು ತೋರಿಸಿದಳು. ಮಾಳಿ ಮೂಗರಳಿಸಿದಳು.

"ಅಜ್ಜೀ, ನಿನ್ನ ಕೈ ವಾಸನಿ."

ಸುಂಕಮ್ಮ ಬೆಲೆ ಕೇಳಿದಳು. ಅವಳ ಹತ್ತು ದಿನದ ಕೂಲಿ. ವಾರ್ಡನ್ ಪುಸ್ತಕದಲ್ಲಿ ಮಾಳಮ್ಮ ಎಂಬ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಳು. ಗೆರೆ ನೇರವಾಗಿ ಬಂತು.

ಮಂಗಳವಾರ ಸುಂಕಮ್ಮ ಮಾಳಿಯನ್ನು ಶೆಡ್ಡಿಗೇ ಕರೆದುಕೊಂಡು ಹೋದಳು. ಬಾಗಿಲ ಹೊರಗೆ ಕಲ್ಲಿನ ಮೇಲೆ ಬರಿದಲೆಯಲ್ಲಿ ಕೂರಿಸಿದಳು. ಎಂದಿನಂತೆ ಒಳಗೆ ಹೋಗಿ ಹಿಂಡಲು ಕೂತಳು. ದಿನವಿಡೀ ಹೆಂಗಸರು ಎಣ್ಣೆ ಹಿಂಡುತ್ತ ಬಾಗಿಲಿಂದ ಆ ತಲೆಯನ್ನು ನೋಡಿದರು. ಅದರ ಮೇಲೆ ಕೂತಿದ್ದ ನೊಣವನ್ನೂ ನೋಡಿದರು.

ಸಂಜೆ ಸಾಲಿನ ಮೊದಲಿಗೆ ಇದ್ದವಳು ಹಾಲವ್ವ. ಗೋಣಿಯ ಹತ್ತಿರ ಬಂದಳು, ನಿಂತಳು, ಒರೆಸದೆ ದಾಟಿ ಹೋದಳು.

"ಏ ಎಲ್ಲಿಗೆ?" ಅಂದ ಪಾಲಾಕ್ಷಪ್ಪ.

"ಮೊದಲ ಎದುರಾದ ಕೂಸಿಗೆ ಒರಸಬೇಕ್ರಿ. ನಮ್ಮದು ಪದ್ಧತಿ ಐತಿ."

ಅವಳು ಎರಡೂ ಕೈಗಳನ್ನು ಮಾಳಿಯ ತಲೆಯ ಮೇಲಿಟ್ಟು ಮೆತ್ತಗೆ ಸವರಿದಳು. ಹಿಂದೆ ಇನ್ನೊಬ್ಬಳು ಬಂದಳು. ಅವಳ ಹಿಂದೆ ಮತ್ತೊಬ್ಬಳು. ಪಾಲಾಕ್ಷಪ್ಪ ಕೂಗಿದ, ಬೈದ, ನಾಳೆ ಒಬ್ಬರೂ ಬರಬೇಡಿ ಅಂದ. ಬಾಗಿಲಿಗೆ ಅಡ್ಡ ನಿಂತ. ಹೆಂಗಸರು ಎಣ್ಣೆಗೈಗಳನ್ನು ಮುಂದೆ ಚಾಚಿಕೊಂಡೇ ಬಂದರು. ಮೈಲಿಗೆ ಆದೀತೆಂದು ಅವನೇ ಸರಿದ. ಎಲ್ಲರ ಕೊನೆಗೆ ಸುಂಕಮ್ಮ ಬಂದಳು. ಅವಳ ಸರದಿ ಬರುವಷ್ಟರಲ್ಲಿ ಮಾಳಿಯ ತಲೆಯಿಂದ ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ಸುಂಕಮ್ಮನಿಗೆ ಅಳು ತಡೆಯಲಾಗಲಿಲ್ಲ.

ಬುಧವಾರ ಶೆಡ್ಡಿಗೆ ಬೀಗ. ಬೇರೆ ಊರಿಂದ ಹೆಂಗಸರನ್ನು ಕರೆಸುತ್ತಾರೆ ಅಂತ ಸುದ್ದಿ. ಕೇರಿಯ ಒಲೆಗಳು ಅವತ್ತೇ ಅರ್ಧ ಆರಿದವು. ಬೈದವರೂ ಇದ್ದರು, ನಿನ್ನ ಮೊಮ್ಮಗಳಿಂದ ನಮ್ಮ ಗಂಜಿ ಹೋಯಿತು ಅಂತ. ಸುಂಕಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹದಿನೆಂಟು ಮಂದಿಯ ಕೈಯೆಣ್ಣೆ ತಲೆಯಲ್ಲೇ ಉಳಿದು, ಎಂಟು ದಿನಕ್ಕೆ ಮಾಳಿಯ ತಲೆ ವಾಸಿಯಾಯಿತು. ಹುಣ್ಣಿನ ಜಾಗದಲ್ಲಿ ಕಪ್ಪಗೆ ಎಳೆಗೂದಲು ಕಾಣಿಸಿಕೊಂಡವು. ಒಂಬತ್ತನೇ ದಿನ ಜೋಗಮ್ಮ ಬಂದು ಮಗಳನ್ನು ನಾಟಿಗೆ ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯಲ್ಲಿ ಹುಡುಗಿಯ ತಲೆ ಅಚ್ಚುಕಟ್ಟಾಗಿ ಬಾಚಿ ಹೆಣೆದಿತ್ತು. ಯಾವ ವಾರ್ಡನ್ ನೋಡಿದ್ದರೂ ಸೀಟು ಕೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ಸುಂಕಮ್ಮ ಹುಣಸೆ ಮರದ ಬುಡದಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಹಾಲವ್ವನ ಸಣ್ಣ ಮಗಳಿಗೂ ತಲೆಯಲ್ಲಿ ಹುಣ್ಣು ಎದ್ದಿದ್ದವು. ಹಾಲವ್ವ ಪಕ್ಕದಲ್ಲೇ ಕೂತಿದ್ದಳು. ಇನ್ನಿಬ್ಬರು ಮೂವರು ಮೊರ ಹಿಡಿದು ಕೆರೆಯ ದಂಡೆ ಇಳಿದು ಬರುತ್ತಿದ್ದರು. ಮೈಲಪ್ಪನೂ ಕೋಲು ಹಿಡಿದು ಬಂದ.

"ಉಡಿ ಬಿಚ್ಚಬೇ ಸುಂಕವ್ವ. ಕಾಗಿ ಹಾಕಿದ್ದು ಸಾವ್ಕಾರ್ರದು."

"ಕಾಗಿನ್ನ ಕರಕಂಬಾ ಹೋಗು. ಅದು ಬಂದು ಹೇಳಲಿ, ಬಿಚ್ಚತೀನಿ."

ಮೈಲಪ್ಪ ಕೋಲು ನೆಲಕ್ಕೂರಿ ನಿಂತ. ಸುಂಕಮ್ಮ ತಲೆ ಎತ್ತಲಿಲ್ಲ. ಇನ್ನೊಂದು ಬೀಜ ಆರಿಸಿ, ಮಣ್ಣು ಒರೆಸಿ, ಉಡಿಗೆ ಹಾಕಿಕೊಂಡಳು.