ಹಿಂದಿನ ಸೀಟು ಯಾವ ವರ್ಷದ್ದು

ಹಳೆಯ ಕಾರುಗಳ ಕುಲಗೋತ್ರ ಹೇಳುವುದು ನನ್ನ ಕಸುಬಲ್ಲ. ನನ್ನದು ತಗಡಿನ ಕೆಲಸ. ನಲವತ್ತೆಂಟು ವರ್ಷ ನೆಗ್ಗಿದ ಬಾಗಿಲುಗಳನ್ನು ಬಡಿದು ನೇರ ಮಾಡಿದವನು. ಆದರೆ ನೆಬ್ರಾಸ್ಕಾದ ನಮ್ಮ ಕಡೆ ಯಾರ ಕೊಟ್ಟಿಗೆಯಲ್ಲಿ ಎರಡು ಬಾಗಿಲಿನ ಹಳೆಯ ಕೂಪ್ ಕಾರು ಸಿಕ್ಕರೂ "ಆರ್ಲೆನ್‌ಗೆ ಹೇಳಿ ಕಳಿಸ್ರಿ" ಅನ್ನುತ್ತಾರೆ. ಮೊಣಕಾಲು ಬೇಡ ಅನ್ನುತ್ತದೆ. ಆದರೂ ಹೋಗುತ್ತೇನೆ.

ಆ ಅಕ್ಟೋಬರಿನಲ್ಲಿ ಕರೆದವನು ಡೆಲ್ಮರ್ ಹೋಲ್ಟ್‌ಕ್ಯಾಂಪ್. ತೀರಿಕೊಂಡ ಅಪ್ಪನ ನಲವತ್ತೊಂಬತ್ತನೇ ಇಸವಿಯ ಕೂಪನ್ನು ಊರಿನ ಮ್ಯೂಸಿಯಂಗೆ ಕೊಡುತ್ತಿದ್ದ. ಅವರ ಫಾರಮ್ಮಿನಲ್ಲಿ ಕಾರು ಯಾವ ಬಗೆಯದೆಂದು ಬರೆದು, ಬಲ್ಲವರೊಬ್ಬರು ಸಹಿ ಹಾಕಬೇಕು. ಡೆಲ್ಮರ್ ಆಗಲೇ ಪೆನ್ಸಿಲಿನಲ್ಲಿ 'ಕ್ಲಬ್ ಕೂಪ್' ಎಂದು ಬರೆದಿಟ್ಟಿದ್ದ.

ಕೊಟ್ಟಿಗೆಯಲ್ಲಿ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅರವತ್ತೆಂಟರ ಆಸುಪಾಸು.

"ನಮ್ಮಕ್ಕ ವರ್ನಾ," ಅಂದ ಡೆಲ್ಮರ್. "ಡೆನ್ವರಿಂದ ಐದು ಗಂಟೆ ಕಾರು ಓಡಿಸ್ಕೊಂಡು ಬಂದಿದಾಳೆ. ನನ್ನ ನೋಡೋಕಲ್ಲ, ಸೀಟು ನೋಡೋಕೆ."

"ನಿನ್ನ ಮುಖ ಅರವತ್ತು ವರ್ಷದಿಂದ ನೋಡಿದೀನಿ, ಸಾಕು," ಅಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿದಳು. "ನೋಡಿ, ನಮ್ಮಪ್ಪ ದನದ ಔಷಧಿ ಮಾರ್ತಾ ಊರೂರು ತಿರುಗೋನು. ಬೇಸಿಗೆ ಬಂದ್ರೆ ಅಮ್ಮನ್ನ, ಇವನನ್ನ ಕರ್ಕೊಂಡು ಹೋಗೋನು. ನಾನು ಅಜ್ಜಿ ಮನೇಲಿ. ಐದನೇ ವಯಸ್ಸಿಂದ ಹದಿಮೂರರ ತನಕ. ಯಾಕಪ್ಪಾ ಅಂದ್ರೆ, 'ಈ ಕಾರಿಗೆ ಹಿಂದೆ ಸೀಟೇ ಇಲ್ವಲ್ಲ ಮಗಳೇ, ಎಲ್ಲಿ ಕೂರಿಸ್ಲಿ' ಅನ್ನೋನು. ನಾನೂ ನಂಬಿದ್ದೆ. ನಿನ್ನೆ ಇವನು ಫೋನ್ ಮಾಡಿ ಹಿಂದೆ ಸೀಟಿದೆ ಅಂತಾನೆ."

"ಇತ್ತಲ್ಲ ಮತ್ತೆ. ನಾನು ಅದರ ಮೇಲೇ ಮಲಗ್ತಿದ್ದೆ."

"ನೀನು ಚರ್ಚಲ್ಲಿ ನಿಂತ್ಕೊಂಡೇ ಮಲಗ್ತಿದ್ದೆ. ನಿನ್ನ ಸಾಕ್ಷಿ ಯಾರಿಗೆ ಬೇಕು?" ಅವಳು ನನ್ನನ್ನೇ ನೋಡಿದಳು. "ಅಪ್ಪ ಹೇಳಿದ್ದು ನಿಜಾನೋ ಸುಳ್ಳೋ. ಅಷ್ಟು ಹೇಳಿ."

ಜನ ಕರೆಯುವುದು ತಗಡು ನೋಡಲಿಕ್ಕೆ, ಕೇಳುವುದು ಇಂಥದ್ದು. ಇದಕ್ಕೆ ಸುತ್ತಿಗೆ ಇಲ್ಲ.

ಬಗೆ ಹೇಳುವುದೇನೂ ದೊಡ್ಡ ವಿದ್ಯೆಯಲ್ಲ. ಈ ಕಾರು ಒಂದೇ ಮೈಕಟ್ಟಿನಲ್ಲಿ ಎರಡು ಬಗೆಯಾಗಿ ಬರುತ್ತಿತ್ತು. ಊರೂರು ತಿರುಗಿ ಮಾರುವವರಿಗೆ ಬಿಸಿನೆಸ್ ಕೂಪ್. ಅದರ ಹಿಂಭಾಗದಲ್ಲಿ ಸರಕಿಡಲು ಬರೀ ನೆಲ. ಸಂಸಾರಸ್ಥರಿಗೆ ಕ್ಲಬ್ ಕೂಪ್, ಹಿಂದೆ ಸೀಟು. ಎಲ್ಲರೂ ಮೊದಲು ಸೀಟು ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಸೀಟನ್ನು ಕೊನೆಗೆ ನೋಡಬೇಕು. ನಾಲ್ಕು ಬೋಲ್ಟ್ ಇದ್ದರೆ ಯಾರು ಬೇಕಾದರೂ ಸೀಟು ಕೂರಿಸಬಹುದು. ಮೊದಲು ನೋಡಬೇಕಾದದ್ದು ಬಾಗಿಲಿನ ಹಿಂದಿರುವ ಪಕ್ಕದ ಗಾಜು. ಕ್ಲಬ್ ಕೂಪಿನಲ್ಲಿ ಅದು ಕೆಳಗಿಳಿಯುತ್ತದೆ, ಹಿಂದೆ ಕೂತವರಿಗೆ ಗಾಳಿ ಬೇಕಲ್ಲ. ಔಷಧಿ ಪೆಟ್ಟಿಗೆಗೆ ಗಾಳಿ ಬೇಡ. ಬಿಸಿನೆಸ್ ಕೂಪಿನಲ್ಲಿ ಗಾಜು ಕದಲುವುದಿಲ್ಲ.

ಇದರ ಗಾಜು ಕದಲಲಿಲ್ಲ. ಒಳಗಿನ ಹಲಗೆ ಬಿಚ್ಚಿ ನೋಡಿದೆ. ಗಾಜು ಇಳಿಸುವ ಹಿಡಿಗೆ ತೂತು ಕೂಡ ಇಲ್ಲ. ಸೀಟಿನ ಬೋಲ್ಟ್ ಕೂತಿದ್ದ ತೂತುಗಳು ಯಾರೋ ಕೈಯಲ್ಲಿ ಕೊರೆದಂಥವು, ಒಂದು ಸೊಟ್ಟಗೆ.

"ಬಿಸಿನೆಸ್ ಕೂಪ್, ಮೇಡಂ. ಕಾರ್ಖಾನೆಯಿಂದ ಬಂದಾಗ ಹಿಂದೆ ಸೀಟಿರಲಿಲ್ಲ. ನಿಮ್ಮಪ್ಪ ಹೇಳಿದ್ದು ನಿಜ."

ಅವಳು ಕಣ್ಣು ಮುಚ್ಚಿಕೊಂಡಳು. ಅಲ್ಲಿಗೆ ಸಹಿ ಹಾಕಿ ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ನನಗೆ ಬೇಕಾಗಿದ್ದೂ ಅಷ್ಟೇ.

"ಹಾಗಾದ್ರೆ ಈ ಸೀಟು ಯಾವಾಗ ಬಂತು?" ಅಂದಳು ವರ್ನಾ, ಕಣ್ಣು ತೆರೆಯದೆ.

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಆಗಲೇ ಕಂಡುಬಿಟ್ಟಿತ್ತು. ಕಂಡದ್ದನ್ನು ಕಾಣಲಿಲ್ಲ ಅನ್ನಲಿಕ್ಕೂ ಒಂದು ಚೈತನ್ಯ ಬೇಕು, ನನ್ನಲ್ಲಿ ಉಳಿದಿರಲಿಲ್ಲ.

"ಕಾರು ಮೊದಲು ಹಸಿರಿತ್ತು. ನೀಲಿ ಬಣ್ಣ ಯಾವಾಗ ಹೊಡೆಸಿದ್ರು?"

"ಅಜ್ಜಿ ಸತ್ತ ವರ್ಷ," ಅಂದ ಡೆಲ್ಮರ್. "ಐವತ್ತೇಳು."

"ಬೋಲ್ಟ್ ತಲೆ ಮೇಲೆ ನೀಲಿ ಸಿಡಿದಿದೆ. ಸೀಟಿನ ಕೆಳಗೆ ಬರೀ ಹಸಿರು. ಅಂದ್ರೆ ನೀಲಿ ಹೊಡೆಯೋಕೆ ಮುಂಚೇನೇ ಸೀಟಿತ್ತು. ಸೀಟಿನ ಬಟ್ಟೆ ಐವತ್ತೆರಡರ ಸೆಡಾನ್ ಕಾರಿಂದು. ಆ ಥರ ಪಟ್ಟೆ ಅದಕ್ಕೆ ಮುಂಚೆ ಬಂದಿರ್ಲಿಲ್ಲ."

ಐವತ್ತೆರಡಕ್ಕೆ ಅವಳಿಗೆ ಎಂಟು. ಐವತ್ತೇಳಕ್ಕೆ ಹದಿಮೂರು. ಹೊರಗೆ ಯಾರದೋ ಜೋಳದ ಕಟಾವಿನ ಯಂತ್ರ ಗುರುಗುಡುತ್ತಿತ್ತು.

"ನಿಂಗೆ ಅಜ್ಜಿ ಮನೇನೇ ಇಷ್ಟ, ಕರೆದ್ರೂ ಬರಲ್ಲ ಅಂತಿದ್ಲು ಅಮ್ಮ," ಅಂದ ಡೆಲ್ಮರ್, ದನಿ ತಗ್ಗಿಸಿ.

"ಕರೆದಿದ್ರಾ ಯಾರಾದ್ರೂ?"

"ನಂಗಾಗ ಐದೋ ಆರೋ ವರ್ಷ, ವರ್ನಾ."

"ಗೊತ್ತು ಬಿಡೋ. ನಿನ್ನ ಬೈತಿಲ್ಲ."

ಅವಳು ಎದ್ದು ಬಂದು ಕಾರಿನೊಳಗೆ ಬಗ್ಗಿ ನೋಡಿದಳು. ಕೂರಲಿಲ್ಲ. ಸೀಟಿನ ಬಟ್ಟೆಯ ಮೇಲೆ ಒಂದು ಸಲ ಅಂಗೈ ಆಡಿಸಿ, ಧೂಳನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು.

"ನಲವತ್ತೊಂಬತ್ತು, ಐವತ್ತು, ಐವತ್ತೊಂದು," ಅಂದಳು. "ಮೂರು ಬೇಸಿಗೆಯಾದ್ರೂ ನಿಜ ಹೇಳಿದಾನೆ. ಐದು ಗಂಟೆ ಕಾರು ಓಡಿಸ್ಕೊಂಡು ಬರ್ತಾ, ಒಂದು ಬೇಸಿಗೇನೂ ನಿಜ ಹೇಳಿಲ್ಲ ಅಂದ್ಕೊಂಡಿದ್ದೆ."

ನಾನು ಫಾರಮ್ಮು ತೆಗೆದು ಡೆಲ್ಮರನ ಪೆನ್ಸಿಲ್ ಅಕ್ಷರ ಅಳಿಸಿ ಬಿಸಿನೆಸ್ ಕೂಪ್ ಎಂದು ಬರೆದೆ.

"ಸೀಟಿನ ವಿಷಯಾನೂ ಬರೀರಿ," ಅಂದಳು ವರ್ನಾ. "ವರ್ಷದ ಸಮೇತ."

"ಮ್ಯೂಸಿಯಂನವರಿಗೆ ಅದೆಲ್ಲ ಯಾಕೆ?" ಅಂದ ಡೆಲ್ಮರ್.

"ಅವರಿಗೆ ಬೇಡ. ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ."

ಬರೆದೆ: ಹಿಂದಿನ ಸೀಟು ಮಾಲೀಕರೇ ಹಾಕಿಸಿದ್ದು, 1952ಕ್ಕಿಂತ ಮೊದಲಲ್ಲ, 1957ರ ನಂತರವಲ್ಲ. ಸಹಿ ಹಾಕಿದೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು, ನನಗೆ ವಾಪಸು ಕೊಟ್ಟಳು. ಆಮೇಲೆ ಮನೆಯಲ್ಲಿ ಕಾಫಿ ಏನಾದರೂ ಇದೆಯಾ ಎಂದು ತಮ್ಮನನ್ನು ಕೇಳಿದಳು.